ಪುರಸೈವಾಕ್ಕಂನ ತಾರಸಿಗೆ ಬಂದ ಮುಖ್ಯ ಅತಿಥಿ

ತಣ್ಣೀರಿನ ನಲ್ಲಿ ತಿರುಗಿಸಿದೆ. ಕುದಿಯುವುದಕ್ಕೆ ಸ್ವಲ್ಪವೇ ಬಾಕಿಯಿದ್ದ ನೀರು ಬಂತು.

ಅದು ಚೆನ್ನೈನಲ್ಲಿ ನನ್ನ ಮೊದಲ ಮೇ ತಿಂಗಳು. ಮೈಸೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಬೋಧಿಸಿದ ನಾನು, ಎರಡು ಪೈಪುಗಳು ಅದಲುಬದಲಾಗಿವೆ ಎಂಬ ಘನ ನಿರ್ಣಯಕ್ಕೆ ಬಂದು, ಮೈತುಂಬ ಸೋಪಿದ್ದ ಸ್ಥಿತಿಯಲ್ಲೇ ಹೆಂಡತಿಯ ಮೂಲಕ ಮನೆಯೊಡತಿಗೆ ದೂರು ಸಲ್ಲಿಸಿದೆ. ಮನೆಯೊಡತಿ ಗೌರಕ್ಕ ಹೊರಗಿನಿಂದಲೇ ತೀರ್ಪು ಕೊಟ್ಟರು.

"ಪೈಪು ಸರಿಯಾಗೇ ಐತಿ ಸಾರ್. ವೆಯಿಲ್ ಕಾಲದಾಗ ತಣ್ಣೀರು ಬೇಕಂದ್ರ ಗೀಸರ್ ನಲ್ಲಿ ಬಿಡ್ಬೇಕು. ಸ್ವಿಚ್ ಮಾತ್ರ ಹಾಕಬ್ಯಾಡ್ರಿ!"

ವೆಯಿಲ್ ಎಂದರೆ ಬಿಸಿಲು. ತಾರಸಿಯ ಟ್ಯಾಂಕಿನ ನೀರು ಕಾದಿರುತ್ತದೆ. ಆರಿಸಿಟ್ಟ ಗೀಸರಿನ ಹೊಟ್ಟೆಯಲ್ಲಿ ನೆರಳಲ್ಲಿ ಕೂತ ನೀರು ತಣ್ಣಗಿರುತ್ತದೆ. ಇಷ್ಟು ಉಷ್ಣಶಾಸ್ತ್ರ ನನಗೆ ಹೊಳೆದಿರಲಿಲ್ಲ.

ಗಂಡನಿಗೆ ವರ್ಗವಾದರೆ ಹೆಂಡತಿ ಗಂಟುಮೂಟೆ ಕಟ್ಟುವುದು ಲೋಕರೂಢಿ. ನಮ್ಮಲ್ಲಿ ಬ್ಯಾಂಕಿನ ಅಧಿಕಾರಿಯಾದ ಸುಧಾಳಿಗೆ ವರ್ಗವಾಯಿತು. ನಿವೃತ್ತನಾದ ನಾನು ಗಂಟುಮೂಟೆ ಕಟ್ಟಿದೆ. ಪುರಸೈವಾಕ್ಕಂನಲ್ಲಿ ಗೌರಕ್ಕನ ಗಂಡ, ದಾವಣಗೆರೆ ಕಡೆಯ ಬಸವರಾಜಪ್ಪನವರ ಕಟ್ಟಡ ಸಿಕ್ಕಿತು. ಕೆಳಗೆ ಅವರ ಪಾತ್ರೆ ಅಂಗಡಿ, ಅದರ ಮೇಲೆ ಅವರ ಮನೆ ಮತ್ತು ಒಂದು ಖಾಲಿ ಕೋಣೆ, ಅದರ ಮೇಲೆ ನಾವು, ನಮ್ಮ ಮೇಲೆ ತಾರಸಿ, ತಾರಸಿಯ ಮೇಲೆ ಸೂರ್ಯ. ಅವನಿಗೂ ನಮಗೂ ನಡುವೆ ಬೇರೆ ಯಾರೂ ಇಲ್ಲ.

ಮೈಸೂರಿನಲ್ಲಿ ಮೊದಲು ಸಾರು, ಆಮೇಲೆ ಹುಳಿ. ಇಲ್ಲಿ ಮೊದಲು ಸಾಂಬಾರು, ಆಮೇಲೆ ರಸಂ. ಊಟದ ಈ ಹಿಂದುಮುಂದನ್ನು ನಾಲಿಗೆ ಒಂದು ತಿಂಗಳಲ್ಲಿ ಒಪ್ಪಿಕೊಂಡಿತು. ಒಪ್ಪಿಕೊಳ್ಳದೆ ಉಳಿದದ್ದು ಸಂಜೆಯ ವಾಕಿಂಗು. ಮೈಸೂರಿನಲ್ಲಿ ಪ್ರತಿ ತಿರುವಿನಲ್ಲೂ ಒಬ್ಬ ಹಳೆಯ ವಿದ್ಯಾರ್ಥಿ ಸ್ಕೂಟರ್ ನಿಲ್ಲಿಸಿ "ನಮಸ್ಕಾರ ಸಾರ್" ಎನ್ನುತ್ತಿದ್ದ. ಇಲ್ಲಿ ನಿಂತ ಸ್ಕೂಟರುಗಳೆಲ್ಲ ನಾನು ಅಡ್ಡ ಬಂದದ್ದಕ್ಕೆ ನಿಂತವು.

ಹಾಗಾಗಿ ಬಸವರಾಜಪ್ಪನವರ ಖಾಲಿ ಕೋಣೆಯಲ್ಲಿ ತಿಂಗಳಿಗೊಮ್ಮೆ ಕನ್ನಡಿಗರಿಗೆ ಹೊಸ ಸಂಶೋಧನೆಗಳ ಬಗ್ಗೆ ಮಾತಾಡುವುದೆಂದು ನಿಶ್ಚಯಿಸಿದೆ. ಮೊದಲ ವಿಷಯ ಕಪ್ಪುಕುಳಿ, ನಲವತ್ತೆರಡು ಸ್ಲೈಡು. ಹನ್ನೊಂದು ಜನ ಬಂದರು, ನಾಲ್ವರು ನಿದ್ದೆ ಹೋದರು. ಕೊನೆಗೆ ಒಬ್ಬರು ಎದ್ದು, "ಸಾರ್, ಇದರಿಂದ ನಮ್ಮ ಕಡೆ ಸೆಕೆ ಏನಾದ್ರೂ ಕಮ್ಮಿ ಆಗುತ್ತಾ?" ಎಂದು ಕೇಳಿದರು.

ಮಾರನೆಯ ದಿನ ಬಸವರಾಜಪ್ಪ ಮೆಟ್ಟಿಲ ಮೇಲೆ ಹಿಡಿದರು. "ಇನ್ನೊಂದು ಸಲ ನೋಡೋಣ ಮೇಷ್ಟ್ರ. ಜನಕ್ಕ ಹಿಡಿಸಿದ್ರ ರೂಮು ನಿಮ್ದು. ಇಲ್ಲಾಂದ್ರ ಕುಕ್ಕರ್ ಸ್ಟಾಕ್ ಇಡ್ತೀನಿ. ತಪ್ಪು ತಿಳ್ಕೋಬ್ಯಾಡ್ರಿ."

ತಪ್ಪು ತಿಳಿಯಲಿಲ್ಲ. ಕುಕ್ಕರುಗಳಿಗಿಂತ ನಾನು ಮೇಲೆಂದು ಸಾಬೀತು ಮಾಡುವುದಷ್ಟೇ ಬಾಕಿಯಿತ್ತು. ಆದರೆ ಆ ಕೋಣೆಯೂ ಹೋದರೆ ಈ ಊರಿನಲ್ಲಿ ನಾನು ಸುಧಾಳ ಗಂಡ ಮಾತ್ರ, ಮೇಷ್ಟ್ರು ಅಲ್ಲ.

ಸೆಕೆಯ ಪ್ರಶ್ನೆಯನ್ನೇ ಹಿಡಿದುಕೊಂಡೆ. ಬೇಸಿಗೆಯ ಮಧ್ಯಾಹ್ನ ಈ ನಗರವೆಲ್ಲ 'ಕಡಲ್ ಕಾತ್ತು', ಅಂದರೆ ಕಡಲ ಗಾಳಿ, ಬರುವುದನ್ನೇ ಕಾಯುತ್ತದೆ. ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ನೆಲದ ಗಾಳಿ ಹಗುರಾಗಿ ಏಳುತ್ತದೆ, ಕಡಲಿನದು ಒಳಕ್ಕೆ ನುಗ್ಗುತ್ತದೆ. ಎದುರಿಗೆ ಪಡುವಣ ಬಿಸಿಗಾಳಿ ತಡೆಯುತ್ತದೆ. ಇಬ್ಬರೂ ಕೂಡುವ ಗಡಿ ಎಷ್ಟೋ ಸಲ ರೇಡಾರಿನಲ್ಲಿ ತೆಳ್ಳನೆಯ ಗೆರೆಯಾಗಿ ಕಾಣುತ್ತದೆ. ನಗರದ ಕಾಂಕ್ರೀಟಿನ ಕಾವು, ಎತ್ತರದ ಕಟ್ಟಡಗಳು ಆ ಗೆರೆಯನ್ನು ಹೇಗೆ ಬದಲಿಸುತ್ತವೆ ಎಂಬ ಒಗಟನ್ನು ವಿಜ್ಞಾನಿಗಳು ಈಗಲೂ ಬಿಡಿಸುತ್ತಿದ್ದಾರೆ. ಸ್ಲೈಡು ಬೇಡ, ತಾರಸಿಯ ಮೇಲೆ ಗಾಳಿಯನ್ನೇ ತೋರಿಸುತ್ತೇನೆ ಎಂದೆ.

ಬಸವರಾಜಪ್ಪನವರಿಗೆ ಹುಮ್ಮಸ್ಸು ಬಂತು. ನಮ್ಮವರ ಹುಮ್ಮಸ್ಸು ಆಮಂತ್ರಣ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. "ಮುಖ್ಯ ಅತಿಥಿಗಳು: ಕಡಲ ಗಾಳಿ. ಆಗಮನ: ಮಧ್ಯಾಹ್ನ ಮೂರಕ್ಕೆ ಸರಿಯಾಗಿ" ಎಂದು ಅಚ್ಚು ಹಾಕಿಸಿ, ಕೆಳಗೆ "ಮಂಡಕ್ಕಿ-ಮಿರ್ಚಿ ವ್ಯವಸ್ಥೆ ಇದೆ" ಎಂದು ಸೇರಿಸಿದರು. ಮೂರಕ್ಕೆ ಬರಬಹುದು ಎಂದಿದ್ದೆನೇ ಹೊರತು, ಮುಹೂರ್ತ ಕೊಟ್ಟಿರಲಿಲ್ಲ.

ಭಾನುವಾರ ಅರವತ್ತು ಜನ ಬಂದರು. ಶೋಳಿಂಗನಲ್ಲೂರಿನಿಂದ ಎಂಜಿನಿಯರುಗಳು ಬೈಕಿನಲ್ಲಿ ಅಷ್ಟು ದೂರ ಬಂದಿದ್ದರು. ಶಾಮಿಯಾನದ ಪಕ್ಕದ ಬಿಸಿಲಿನಲ್ಲಿ ಗೌರಕ್ಕನ ಸಂಡಿಗೆ ಹಳೆಯ ಸೀರೆಯ ಮೇಲೆ ಒಣಗುತ್ತಿತ್ತು. ಗಾಳಿಗೆ ಏಳದಂತೆ ಸೀರೆಯ ಪಡುವಣ ಅಂಚಿಗೆ ಎರಡು ಇಟ್ಟಿಗೆ. ನನ್ನ ಮುಂದೆ ಊದುಬತ್ತಿಗಳು. ಹೊಗೆ ಮೂಡಣಕ್ಕೆ ವಾಲಿತ್ತು. ಅದು ತಿರುಗಿ ಪಡುವಣಕ್ಕೆ ವಾಲಿದರೆ ಅತಿಥಿ ಬಂದಂತೆ.

ಮೂರಾಯಿತು. ಮೂರೂ ಕಾಲಾಯಿತು. ಹೊಗೆ ಮೂಡಣಕ್ಕೇ ಹೋಗುತ್ತಿತ್ತು. ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದೆ.

"ಮುಖ್ಯ ಅತಿಥಿ ಅಂದ್ಮೇಲೆ ಲೇಟಾಗಿ ಬರ್ಲೇಬೇಕಲ್ವಾ?" ಹಿಂದಿನಿಂದ ಒಬ್ಬ ಎಂಜಿನಿಯರು. ಎಲ್ಲರೂ ನಕ್ಕರು.

"ಟ್ರಾಫಿಕ್ ಇರ್ಬೇಕು ಬಿಡ್ರಿ," ಇನ್ನೊಬ್ಬರು.

"ರೀ, ಬರತ್ತಾ?" ಸುಧಾ ಪಿಸುಗುಟ್ಟಿದಳು. ಬಸವರಾಜಪ್ಪ ಗಡಿಯಾರ ನೋಡಿಕೊಂಡರು. ಆ ನೋಟದಲ್ಲಿ ನನಗೆ ಕುಕ್ಕರುಗಳ ಸಾಲೇ ಕಂಡಿತು.

ಆಗ ಗೌರಕ್ಕ ಎದ್ದರು. ಯಾರನ್ನೂ ನೋಡದೆ ಹೋಗಿ, ಪಡುವಣ ಅಂಚಿನ ಇಟ್ಟಿಗೆ ಎರಡನ್ನೂ ಎತ್ತಿ ಮೂಡಣ ಅಂಚಿಗಿಟ್ಟರು.

"ಯಾಕ್ರೀ ಗೌರಕ್ಕಾ?"

"ಸೀರಿ ಬಡ್ಕೊಳ್ಳೋದು ನಿಂತೈತಲ್ಲ ಸಾರ್. ಇನ್ನ ಅಂಜು ನಿಮಿಷ ದಾನ್. ಆ ಕಡಿಂದ ಬರ್ತೈತಿ."

ಐದೇ ನಿಮಿಷ ಅಂದರು ಆಕೆ. ಹೊಗೆ ನೋಡಿದೆ: ಕಂಬದಂತೆ ನೆಟ್ಟಗೆ ನಿಂತಿತ್ತು. ಎರಡು ಗಾಳಿಗಳ ಬಲ ಸಮವಾದಾಗಿನ ಆ ನಿಶ್ಚಲ ಗಳಿಗೆಯ ಬಗ್ಗೆ ನಾನು ಆಗತಾನೆ ಎರಡು ಸಲ ವಿವರಿಸಿದ್ದೆ. ಕಣ್ಣೆದುರಿಗೆ ಬಂದಾಗ ಗುರುತಿಸಿದ್ದು ಆಕೆ. "ಎಲ್ಲರೂ ಹೊಗೆ ನೋಡಿ!" ಎಂದು ಕೂಗಿದೆ. ಅರವತ್ತು ಜನ ಉಸಿರು ಬಿಗಿಹಿಡಿದರು. ಹೊಗೆ ನಡುಗಿತು, ಒಮ್ಮೆ ಸುತ್ತಿತು, ನಿಧಾನವಾಗಿ ಪಡುವಣಕ್ಕೆ ಬಾಗಿತು. ಮರುಕ್ಷಣ ಶಾಮಿಯಾನ ಹೊಟ್ಟೆ ಉಬ್ಬಿಸಿತು. ಬೆವರಿದ ಕತ್ತುಗಳಿಗೆಲ್ಲ ಉಪ್ಪು ತಂಪು ತಗುಲಿತು. ಚಪ್ಪಾಳೆ, ಶಿಳ್ಳೆ. ಯಾರೋ ಗಾಳಿಗೆ ಹಾರ ಹಾಕಬೇಕೆಂದರು. ನಾನು ಗಂಭೀರವಾಗಿ, ಇಂದಿನ ಅಧ್ಯಕ್ಷತೆ ಗೌರಕ್ಕನವರದೆಂದು ಘೋಷಿಸಿದೆ.

"ಅಯ್ಯ, ಸುಮ್ನಿರ್ರಿ ಸಾರ್. ಮಿರ್ಚಿ ಆರತಾವು," ಎಂದು ಆಕೆ ಕೆಳಗಿಳಿದರು.

ಬಸವರಾಜಪ್ಪ ಕೈ ಹಿಡಿದು ಕುಲುಕಿದರು. "ರೂಮು ನಿಮ್ದ, ಮೇಷ್ಟ್ರ. ಮುಂದಿನ ತಿಂಗಳು ಯಾರನ್ನ ಕರಸ್ತೀರಿ?" ಆ ಸಂಜೆ ಬೀದಿಗಿಳಿದಾಗ, ಹೊರಟಿದ್ದ ಒಬ್ಬ ಎಂಜಿನಿಯರು ಬೈಕು ನಿಲ್ಲಿಸಿ "ನಮಸ್ಕಾರ ಸಾರ್" ಎಂದ. ಎಣಿಸಿಕೊಂಡೆ: ಒಂದು.

ಜೂನಿನಲ್ಲಿ ಮೈಸೂರಿಗೆ ಹೋಗಿ ಅಕ್ಕನ ಮನೆಯ ಜಗಲಿಯಲ್ಲಿ ಕೂತಿದ್ದೆ. ಬೆಳಗಿನಿಂದ ತಂಪಾಗಿ ಗಾಳಿ ಬೀಸುತ್ತಿತ್ತು. ಯಾರೂ ಕಾದಿರಲಿಲ್ಲ, ಯಾರೂ ಗಮನಿಸುತ್ತಲೂ ಇರಲಿಲ್ಲ. ಮಧ್ಯಾಹ್ನ ಫೋನಿಗೆ ಗೌರಕ್ಕನ ದನಿ ಬಂತು: "ಸಾರ್, ಕಾತ್ತು ಬಂತು. ಮೂರು ಹತ್ತು. ಬರ್ಕೊಳ್ರಿ."

"ಏನಂತೋ?" ಅಕ್ಕ ಕೇಳಿದಳು.

"ನಮ್ಮಲ್ಲಿ ಗಾಳಿ ಬಂತಂತೆ."

"ಯಾವ ನಮ್ಮಲ್ಲಿ?" ಎಂದಳು ಅಕ್ಕ, ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ.