ಕಾಂಪೌಂಡರ್ ಹಲ್ಲು ನೋಡಿದ್ದು

ದನದ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದ ಅವರು ಕೀಬೋರ್ಡ್ ಮುಟ್ಟುವ ಮೊದಲು ಎರಡೂ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. ಕಡೂರು, ತರೀಕೆರೆ, ಅಜ್ಜಂಪುರ ಎಂದು ಮೂರು ಎಕ್ಸೆಲ್ ಹಾಳೆಗಳಲ್ಲಿ ಹಸುಗಳ ಕಿವಿಯೋಲೆ ನಂಬರು, ಮನೆಯವರ ಹೆಸರು, ಕಾಲುಬಾಯಿ ಜ್ವರದ ಚುಚ್ಚುಮದ್ದು ಆಯಿತೋ ಇಲ್ಲವೋ ಎಂದು ಬರೆದಿಟ್ಟಿದ್ದರು. ಮೂರನ್ನೂ ಸೇರಿಸಿ ಒಂದೇ ಡೇಟಾಬೇಸ್ ಮಾಡುವ ಆಸೆ. ಕಂಪ್ಯೂಟರ್ ಪಾಠ ಹೇಳುತ್ತಿದ್ದ ನನ್ನ ಬಳಿ ವಾರಕ್ಕೊಮ್ಮೆ ಬರುತ್ತಿದ್ದರು. ಅದಕ್ಕೆ ಪೈಥಾನ್ ಭಾಷೆ ಕಲಿಯಿರಿ ಎಂದರೂ, ಆಕ್ಸೆಸ್ ಸಾಫ್ಟ್‌ವೇರ್ ಸಾಕು ಎಂದರೂ ಒಂದೇ ಮಾತು: “ಹಲ್ಲು ನೋಡ್ದೆ ಎತ್ತು ಹಿಡ್ಕೊಂಡ್ ಬರ್ಬಾರ್ದು ಕಣ್ರೀ.” ಹೀಗೆ ಒಂದು ವರ್ಷ ಹಲ್ಲು ನೋಡಿದರು. ನನಗೂ ಸಾಕಾಗಿತ್ತು.

ಕೊನೆಗೆ ಪೈಥಾನ್ ಹಿಡಿದರು. ಮೊದಲ ದಿನವೇ ಡೇಟಾಬೇಸ್ ಒಂದು ಹಸುವನ್ನು ಒಳಗೆ ಬಿಡಲಿಲ್ಲ. ಆ ನಂಬರು ಆಗಲೇ ಇದೆ ಎಂದಿತು. ಕಡೂರಿನ ಹಾಳೆಯಲ್ಲೂ ಅದೇ ಹಸು, ಅಜ್ಜಂಪುರದ ಹಾಳೆಯಲ್ಲೂ ಅದೇ. ಎರಡರಲ್ಲೂ ಚುಚ್ಚುಮದ್ದು ‘ಆಯ್ತು’.

ಹಸು ಯಾರ ಮನೆಯಲ್ಲಿದೆ ಎಂದು ನೋಡಲು ಬೈಕಿನಲ್ಲಿ ಇಬ್ಬರೂ ಹೋದೆವು. ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಅಜ್ಜಿಯೊಬ್ಬರು ಆ ಹಸುವನ್ನು ಅಜ್ಜಂಪುರದಲ್ಲಿದ್ದ ತಮ್ಮನ ಮಗಳಿಗೆ ಪಾಲಿಗೆ ಸಾಕಲು ಕೊಟ್ಟಿದ್ದರು. ಹಾಲು ಅವಳಿಗೆ, ಕರುವಿನಲ್ಲಿ ಇಬ್ಬರಿಗೂ ಪಾಲು.

“ಸಾಕೋಳು ಅವ್ಳಲ್ವಾ, ಹಾಕ್ಸಿರ್ತಾಳೆ ಅಂತ ನೀನ್ ಫೋನಲ್ಲಿ ಕೇಳ್ದಾಗ ಆಯ್ತು ಅಂದೆ ಕಣಪ್ಪಾ,” ಎಂದರು ಅಜ್ಜಿ.

ಅಜ್ಜಂಪುರದಲ್ಲಿ ತಮ್ಮನ ಮಗಳು, “ಹಸು ಅತ್ತೇದಲ್ವಾ ಸಾರ್? ಅವ್ರೇ ಹಾಕ್ಸಿ ಕಳ್ಸಿರ್ತಾರೆ ಅಂತ ನಾನೂ ಆಯ್ತು ಅಂದೆ,” ಎಂದಳು.

ಕಾಂಪೌಂಡರ್ ನೇರ ಹಸುವಿನ ಬಳಿ ಹೋದರು. ಅದರ ಬಾಯಿ ಬಿಡಿಸಿ ಕಾಲುಬಾಯಿ ಜ್ವರದ ಹುಣ್ಣಿದೆಯೇ ಎಂದು ನೋಡಿದರು, ಇರಲಿಲ್ಲ. ಚುಚ್ಚುಮದ್ದು ಹಾಕಿದರು. ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು.

“ಒಂದ್ ವರ್ಷ ಕಂಪ್ಯೂಟರ್ ಹಲ್ಲು ನೋಡ್ತಾ ಕೂತಿದ್ದೆ,” ಎಂದರು. “ಇದರ ಬಾಯಿ ನೋಡಿದ್ದು ಇವತ್ತು ಕಣ್ರೀ.”