ಇಲ್ಲು ಇಲ್ಲ

ಬೆಳಿಗ್ಗೆ ಕಾಫಿಗೆ ನೀರಿಟ್ಟೆ, ಗ್ಯಾಸ್ ಮುಗಿದುಹೋಯಿತು. ಅಷ್ಟರಲ್ಲೇ ಬೀದಿಯಲ್ಲಿ ಸಿಲಿಂಡರಿನ ಸದ್ದು. ನನ್ನ ಪುಣ್ಯ ಎಂದುಕೊಂಡು ಬಾಗಿಲಿಗೆ ಓಡಿದೆ. ಸಿಲಿಂಡರ್ ತಂದವನು ಎದುರುಮನೆಯವರನ್ನು ಕೇಳುತ್ತಿದ್ದ: "ಮೆಂಟಲ್ ಮೇಷ್ಟ್ರ ಮನೆ ಯಾವ್ದಣ್ಣ?"

ಆ ಮೇಷ್ಟ್ರು ನಾನೇ ಸ್ವಾಮಿ. ಹೋದ ವರ್ಷ ಮನಸ್ಸಿಗೆ ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದೆ, ಈಗ ಗುಣವಾಗುತ್ತಿದ್ದೇನೆ. ಈ ಕಲ್ಯಾಣದುರ್ಗದಲ್ಲಿ ಇಷ್ಟು ವರ್ಷ ಲೆಕ್ಕ ಹೇಳಿಕೊಟ್ಟದ್ದು ಯಾರಿಗೂ ನೆನಪಿಲ್ಲ. ನಾನು ಮಾತ್ರೆ ನುಂಗುವುದು ಊರಿಗೆಲ್ಲ ಗೊತ್ತು. ಚಿಲಕದ ಮೇಲೆ ಕೈಯಿಟ್ಟು ನಿಂತವನಿಗೆ ಹಿಂದೂಪುರದ ಚಿಕ್ಕಮ್ಮ ನೆನಪಾದಳು.

ಎಪ್ಪತ್ತರ ದಶಕದ ಮಾತು. ಓದಲೆಂದು ಅವರ ಮನೆಯಲ್ಲಿದ್ದೆ. ಓದಿದ್ದಕ್ಕಿಂತ ಉಂಡದ್ದೇ ಹೆಚ್ಚು ಅನ್ನಿ. ಚಿಕ್ಕಪ್ಪ ನರಸಿಂಹಪ್ಪ ಮಗ್ಗದವನು. ಅವನಿಗೂ ನನ್ನದೇ ಥರದ ಕಾಯಿಲೆ. ಬೆಂಗಳೂರಿನ ಆಸ್ಪತ್ರೆಯಿಂದ ವಾಪಸು ಬರುವಷ್ಟರಲ್ಲಿ ಬೀದಿಯವರು ಅವನ ಹೆಸರಿಗೆ 'ಪಿಚ್ಚಿ' ಸೇರಿಸಿಟ್ಟಿದ್ದರು. ತೆಲುಗಿನಲ್ಲಿ ಹುಚ್ಚು ಅಂತ. ಕೈಗೆ ಕೆಲಸವಿದ್ದರೆ ಬೇಗ ಚೇತರಿಸಿಕೊಳ್ಳುತ್ತಾನೆ ಎಂದಿದ್ದರು ಡಾಕ್ಟರು. ರೇಷ್ಮೆ ಕೊಡುವವರು ಬೇಕಲ್ಲ! ಚಿಕ್ಕಪ್ಪ ಬರಿಮಗ್ಗದ ಮುಂದೆ ಕೂತು ನೂಲಿಲ್ಲದ ಲಾಳಿಯನ್ನು ಅತ್ತಿಂದಿತ್ತ ಆಡಿಸುತ್ತಿದ್ದ.

ಒಂದು ದಿನ ಸಾಹುಕಾರರ ಗುಮಾಸ್ತನೇ ರೇಷ್ಮೆ ಗಂಟು ಹೊತ್ತು ಬಾಗಿಲಿಗೆ ಬಂದ.

"ಪಿಚ್ಚಿ ನರಸಿಂಹುಲು ಇಲ್ಲು ಇದೇನಾ?"

ಇಲ್ಲು ಅಂದರೆ ತೆಲುಗಿನಲ್ಲಿ ಮನೆ. ಅಕ್ಕಿ ಕೇರುತ್ತಿದ್ದ ಚಿಕ್ಕಮ್ಮ ಮೊರ ಕೆಳಗಿಡಲಿಲ್ಲ.

"ಆ ಹೆಸರಿಗೆ ಇಲ್ಲಿ ಇಲ್ಲು ಇಲ್ಲ ಕಣಪ್ಪ."

"ಮತ್ತೆ ಮಗ್ಗದ ಸದ್ದು ಕೇಳ್ತಾ ಐತಲ್ಲಮ್ಮ?"

"ಅದು ನರಸಿಂಹಪ್ಪನೋರ್ದು. ಕಾಯಿಲೆ ಬಂದಿತ್ತು, ವಾಸಿಯಾಗ್ತಾ ಐತೆ. ನಿನಗೆ ಹೋದ ವರ್ಸ ಕಾಮಾಲೆ ಆಗಿತ್ತಲ್ಲ, ನಿನ್ನ ಯಾರಾನಾ ಕಾಮಾಲೆ ಗುಮಾಸ್ತ ಅಂತಾರಾ?"

ಅವನು ಮುಖ ಊದಿಸಿಕೊಂಡು ಗಂಟಿನ ಸಮೇತ ಹೊರಟೇಹೋದ. ಚಿಕ್ಕಪ್ಪನ ತಾಯಿ, ನಮ್ಮಜ್ಜಿ, ಹಣೆ ಚಚ್ಚಿಕೊಂಡಳು. "ಬಂದ ಕೆಲ್ಸಾನ ಓಡಿಸ್ಬುಟ್ಟಲ್ಲೇ!"

"ಆ ಹೆಸ್ರಲ್ಲಿ ರೇಷ್ಮೆ ಇಳಿಸ್ಕೊಂಡ್ರೆ ಇವ್ರು ಸಾಯೋಗಂಟ ಅದೇ ಹೆಸ್ರು, ಅತ್ತೆ" ಎಂದಳು ಚಿಕ್ಕಮ್ಮ. ಒಳಗೆ ಲಾಳಿಯ ಸದ್ದು ನಿಂತಿತ್ತು.

ಸಂಜೆ ಗುಮಾಸ್ತ ತಿರುಗಿ ಬಂದ. ಮದುವೆ ಸೀರೆಯಂತೆ, ಮಿಕ್ಕ ಮಗ್ಗಗಳೆಲ್ಲ ತುಂಬಿಹೋಗಿದ್ದವಂತೆ. ಬಾಗಿಲಲ್ಲಿ ಕೆಮ್ಮಿ, ಈ ಸಲ ಕನ್ನಡದಲ್ಲೇ ಕೇಳಿದ: "ನರಸಿಂಹಪ್ಪನೋರ ಮನೆ ಇದೇನಾ?"

ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಒಳಗಿಂದ ಚಿಕ್ಕಪ್ಪನ ದನಿ ಬಂತು. ಆಸ್ಪತ್ರೆಯಿಂದ ಬಂದಮೇಲೆ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ಇದೇ ಕಣಪ್ಪ. ಒಳಕ್ಕೆ ಬಾ."

ನನ್ನ ಬಾಗಿಲ ಮುಂದೆ ಸಿಲಿಂಡರ್ ದಡ್ ಎಂದು ಇಳಿಯಿತು.

"ಮೆಂಟಲ್ ಮೇಷ್ಟ್ರ ಮನೆ ಇದೇನಾ ಸಾರ್?"

ನನ್ನನ್ನೇ ಕೇಳುತ್ತಾನೆ ಪುಣ್ಯಾತ್ಮ! ಇಷ್ಟು ದಿನ ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದೆ. ಇವತ್ತು ಹೂಂ ಅನ್ನಲು ನಾಲಿಗೆ ತಿರುಗಲಿಲ್ಲ.

"ಆ ಹೆಸರಿಗೆ ಇಲ್ಲಿ ಇಲ್ಲು ಇಲ್ಲ ಕಣಪ್ಪ."

ಸಿಲಿಂಡರ್ ಹೊತ್ತುಕೊಂಡು ಹೋದ. ಹೋಗಲಿ. ಕಾಫಿ ಇಲ್ಲದೆ ತಲೆ ಸಿಡಿಯುತ್ತಿದೆ, ಆದರೂ ಕರೆಯುವುದಿಲ್ಲ. ಬಾಗಿಲು ತೆರೆದೇ ಇಟ್ಟಿದ್ದೇನೆ. ನನ್ನ ಹೆಸರು ಕೇಳಿಕೊಂಡು ಬರಲಿ, ಅವನಿಗೂ ಒಂದು ಲೋಟ ಕಾಫಿ ಕೊಡುತ್ತೇನೆ.