ಮೊನ್ನೆ ಹೋದ ಮಾಸ್ತರರ ಜಾಗ

"ನಿಮ್ಮ ತಂದೆಯವರಿಗೂ ಸೇರಿಸಿ ಅಕ್ಕಿ ಹಾಕಿದೀನಿ. ಎಷ್ಟೊತ್ತಿಗೆ ಬರ್ತಾರೆ?"

ಮೈಸೂರಿಗೆ ಬಂದ ಹೊಸದರಲ್ಲಿ ಮನೆಯೊಡತಿ ಜಯಮ್ಮ ಹೀಗೆ ಕೇಳಿದರು. ಅಪ್ಪ ಸತ್ತು ವರ್ಷಗಳೇ ಆಗಿದ್ದವು.

ಎಡವಟ್ಟು ನನ್ನ ಬಾಯಿಯದೇ. "ಮೊನ್ನಿ ನಮ್ಮಪ್ಪ ಹೇಳಿದ್ರು, ಮಗಳ, ನಿನಗ ಮೈಸೂರಾಗ ನೌಕರಿ ಸಿಕ್ಕರ ಊರು ನೋಡಾಕ ಬರ್ತೀನಿ ಅಂತ" ಎಂದು ಹರಟಿದ್ದೆ. ಆಂಧ್ರ ಗಡಿಯ ನಾರಾಯಣಖೇಡದ ಕಡೆಯವರಾದ ನಮಗೆ ಹೋದ ತಿಂಗಳೂ ಮೊನ್ನೆ, ಸ್ವಾತಂತ್ರ್ಯದ ಹೊತ್ತಿನ ರಜಾಕಾರರ ಕಾಲವೂ ಮೊನ್ನೆ. ಇಲ್ಲಿ ಹಾಗಲ್ಲ ನೋಡಿ, ನಿನ್ನೆಯ ಹಿಂದಿನ ದಿನ ಮಾತ್ರ ಮೊನ್ನೆ! ನಿಜ ತಿಳಿದ ಜಯಮ್ಮ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು.

ಅಪ್ಪ ನಮ್ಮೂರ ಶಾಲೆಯ ಕನ್ನಡ ಮಾಸ್ತರ. ರಾಜ್ಯಗಳನ್ನು ಹಂಚಿದಾಗ ಊರು ಆಂಧ್ರಕ್ಕೆ ಸೇರಿದರೂ ಅಪ್ಪ ಇರುವತನಕ ಕನ್ನಡದ ತರಗತಿ ನಡೆಯಿತು. ಅಪ್ಪ ಹೋದರು, ಜಾಗ ಖಾಲಿ ಉಳಿಯಿತು. ಎಂ.ಎ. ಮುಗಿಸಿ ಅದಕ್ಕಾಗಿಯೇ ಕಾದೆ, ಅರ್ಜಿ ಕರೆಯಲೇ ಇಲ್ಲ. ಅಷ್ಟರಲ್ಲಿ ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಕನ್ನಡ ಅಧ್ಯಾಪಕರು ಬೇಕಾಗಿದ್ದಾರೆಂದು ಪೇಪರಿನಲ್ಲಿ ಬಂತು. ಹಂಗಾಮಿ ಹುದ್ದೆ ಸಿಕ್ಕಿತು. "ನಮ್ಮ ಶಾಲಿ ಜಾಗಾ ಕರದ್ರ ತಿರುಗಿ ಬರ್ತೀನಿ ಕಾಕಿ" ಎಂದು ಪಕ್ಕದ ಮನೆಯ ಕಾಶಮ್ಮನಿಗೆ ಹೇಳಿ ಬಸ್ಸು ಹತ್ತಿದೆ.

ನಾನಿರುವುದು ವಠಾರದಲ್ಲಿ. ಅಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಬಾಡಿಗೆ ಮನೆಗಳ ಸಾಲು. ನಾನು ಜೋಳದ ರೊಟ್ಟಿ ಬಡಿದರೆ ಅಷ್ಟೂ ಮನೆಯವರು ಇಣುಕುತ್ತಾರೆ. ತರಗತಿಯಲ್ಲಿ ಹಾಜರಿ ಕೂಗುವಾಗ ನನ್ನ ಗಂಟಲಿನಿಂದ ಅಪ್ಪನ ದನಿಯೇ ಹೊರಡುತ್ತದೆ, ಅದೇ ಎಳೆತ, ಅದೇ ಕೆಮ್ಮು. ಹುಡುಗರು ನಗುತ್ತಾರೆ. ನನಗೆ ಭಯವಾಗುತ್ತದೆ, ಎಲ್ಲಿ ಆ ದನಿ ನಿಂತುಬಿಡುತ್ತದೋ ಎಂದು ಅದಕ್ಕಿಂತ ಹೆಚ್ಚು ಭಯವಾಗುತ್ತದೆ.

ಹುದ್ದೆ ಕಾಯಂ ಮಾಡುವ ಸಂದರ್ಶನದಲ್ಲಿ ಹಿರಿಯರೊಬ್ಬರು ಕೇಳಿದರು: "ನಿಮ್ಮೂರಲ್ಲಿ ಕೆಲಸಕ್ಕೆ ಕರೆದರೆ ಇದನ್ನ ಬಿಟ್ಟು ಹೋಗ್ತೀರಾ?"

ಬೆನ್ನ ಹಿಂದೆ ಯಾರೋ ಸೀಮೆಸುಣ್ಣದ ಕೈ ಕೊಡವಿದ ಸದ್ದಾಯಿತು. ತಿರುಗಿ ನೋಡಲಿಲ್ಲ.

"ಇಲ್ರಿ" ಅಂದೆ.

ಕೆಲಸ ಕಾಯಂ ಆಯಿತು. ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿ ಕಾಕಿಗೆ ಸುದ್ದಿ ಹೇಳಿದೆ. ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಅವಳು ಶಾಲೆಯ ಕಡೆ ನೋಡಿದಳು. ಒಳಗಿನಿಂದ ತೆಲುಗು ಮಗ್ಗಿ ಕೇಳುತ್ತಿತ್ತು.

"ಮಾಸ್ತರ ಮೊನ್ನಿ ಹೋದ್ರು. ನೀನೂ ಮೊನ್ನಿ ಹೋದಿ" ಅಂದಳು. "ಇನ್ನ ಆ ಜಾಗಾ ಯಾರಿಗಿ ಕಾಯಬೇಕವ್ವ?"

ಕಾಕಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹೊಟ್ಟೆ ಹಸಿದಿತ್ತು, ರೊಟ್ಟಿ ಬಡಿಯುವ ಸಪ್ಪಳಕ್ಕೆ ಕಿವಿಗೊಟ್ಟು ಕೂತೆ. ಅದು ಕೇಳಿಬರಲಿಲ್ಲ.

"ಮೈಸೂರಾಕಿ ಬಂದಾಳ" ಎಂದು ಸೊಸೆಗೆ ಹೇಳುತ್ತಿದ್ದಳು ಕಾಕಿ, "ಅನ್ನಕ್ಕ ಇಡು."